ಮೇಜು ಕೇಳಿದ್ದು ಯಾರು

ಜಿಮ್ಮಾ ಪಟ್ಟಣದ ಒಂದು ಗೋದಾಮಿನಲ್ಲಿ ಹೆಂಗಸರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕಾಫಿಬೀಜ ಆರಿಸುತ್ತಿದ್ದರು. ಸಂಜೆ ಏಳುವಾಗ ಸೊಂಟ ಹಿಡಿದುಕೊಂಡು ನರಳದವರೇ ಇಲ್ಲ. ಮೇಜು, ಬೆಂಚು ಹಾಕಿಸಬೇಕೆಂಬ ಯೋಚನೆ ಅವರಲ್ಲೊಬ್ಬಳಾದ ಮುಲುವಿನದು. ಒಬ್ಬೊಬ್ಬರಿಗೂ ದುಂಬಾಲು ಬಿದ್ದು, ಪುಸಲಾಯಿಸಿ, ಬೈದು, ಕೊನೆಗೆ ಎಲ್ಲರನ್ನೂ ಒಪ್ಪಿಸಿದ್ದಳು. ಮುದುಕಿ ಬೆಲೈನೆಶ್ ಮಾತ್ರ ಜಗ್ಗಿರಲಿಲ್ಲ.

"ಧಣಿ ಮುಂದೆ ನೀನು ಬಾಯಿ ಬಿಡ್ತೀಯೋ, ನಮ್ಮನ್ನ ಮುಂದಕ್ಕೆ ತಳ್ತೀಯೋ?"

"ನಾನೇ ಮಾತಾಡ್ತೀನಿ ಅಜ್ಜಿ. ನೀವು ಹೂಂ ಅಂದ್ರೆ ಸಾಕು."

"ಹಂಗಾದ್ರೆ ಹೂಂ ಕಣೇ."

ಧಣಿಯನ್ನು ಕಾಫಿಗೆ ಕರೆಯೋಣ ಎಂದವಳೂ ಮುಲುವೇ. ಕಾಫಿಗೆ ಕರೆದರೆ ಮೂರು ಸುತ್ತು ಕುಡಿಸುವುದು ಆ ಕಡೆಯ ವಾಡಿಕೆ; ಅದು ಮುಗಿಯುವ ಮೊದಲು ಎದ್ದರೆ ಕರೆದವರಿಗೆ ಅವಮಾನ. ಅಷ್ಟು ಹೊತ್ತು ಕೂತವನು ಕೇಳಿಸಿಕೊಳ್ಳದೆ ಎಲ್ಲಿಗೆ ಹೋದಾನು? ಹಸಿರು ಹುಲ್ಲು ಹಾಸಿದರು, ಬೀಜ ಹುರಿದರು, ಧೂಪ ಹಾಕಿದರು. ಧಣಿ ಗೆಟಾಹುನ್ ಮೊದಲ ಬಟ್ಟಲನ್ನು ನಗುನಗುತ್ತಲೇ ಕುಡಿದ. ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ ಅವನೇ ಕೇಳಿದ.

"ಮೇಜಿನ ಗುಸುಗುಸು ನನ್ನ ಕಿವಿಗೂ ಬಿದ್ದಿದೆ. ಇದು ಯಾರ ತಲೇಲಿ ಹುಟ್ಟಿದ್ದು?"

ಅವನ ಮುಖದಲ್ಲಿ ನಗು ಇರಲಿಲ್ಲ. ಮುಲು ಎಷ್ಟೋ ದಿನದಿಂದ ಮಾತೆಲ್ಲ ಉರುಹೊಡೆದಿಟ್ಟಿದ್ದಳು. ಈಗ ಅದೆಲ್ಲ ಬಿಟ್ಟು, ನಿಗಿನಿಗಿ ಉರಿಯುತ್ತಿದ್ದ ಕೆಂಡಕ್ಕೆ ಬಗ್ಗಿ ಸುಮ್ಮಸುಮ್ಮನೆ ಗಾಳಿ ಹಾಕತೊಡಗಿದಳು.

"ನಂದೇ ಧಣಿ," ಎಂದಳು ಬೆಲೈನೆಶ್.

"ಸರಿ. ಎಲ್ರೂ ಒಂದಾಗಿ ಕೇಳ್ತಿದ್ದೀರಿ, ಮೇಜು ಹಾಕಿಸ್ತೀನಿ. ಆದ್ರೆ ನನಗೆ ಗೊತ್ತಿಲ್ದಂಗೆ ಜನ ಕಟ್ಟೋರು ನನಗೆ ಬೇಡ. ನಾಳೆಯಿಂದ ನೀನು ಬರ್ಬೇಡಮ್ಮ."

ಹೆಂಗಸರೆಲ್ಲ ಮುಲುವಿನ ಕಡೆ ನೋಡಿದರು. ಈಗಲಾದರೂ ಹೇಳಬಹುದಿತ್ತು, ಒಂದೇ ಒಂದು ಮಾತು. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಕೈ ಮಾತ್ರ ಮೂರನೆಯ ಸುತ್ತಿನ ಕಾಫಿ ಬಗ್ಗಿಸುತ್ತಿತ್ತು. ಥೂ, ಎಂಥ ಕೈ ಅದು, ಒಂದು ಹನಿಯನ್ನೂ ಚೆಲ್ಲಲಿಲ್ಲ!

ಮೂರನೆಯ ಬಟ್ಟಲು ಹಿಡಿದು ಹಿರಿಯರು ಹರಸಬೇಕು. ಅಲ್ಲಿ ಹಿರಿಯಳು ಬೆಲೈನೆಶ್. ಅವಳು ಮುಲುವಿನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ಮುಲು ಹೇಗಾದರೂ ತಡೆದುಕೊಳ್ಳುತ್ತಿದ್ದಳು.

"ಈ ಕಾಫಿ ಕಾಸಿದ ಮಗಳ ಬೆನ್ನು ಯಾವತ್ತೂ ಬಗ್ಗದೇ ಇರ್ಲಿ."

"ಆಮೆನ್," ಎಂದರು ಎಲ್ಲರೂ. ಮುಲುವೂ ಅಂದಳು. ಅಷ್ಟು ಹೊತ್ತು ಕಟ್ಟಿಹೋಗಿದ್ದ ಅವಳ ದನಿ ಈಗ ಎಲ್ಲರಿಗಿಂತ ಗಟ್ಟಿಯಾಗಿ ಬಂತು.