ಮಳಲ ಲಿಂಗ

ಸೂರತ್ತಿನ ಕತಾರ್‌ಗಾಮ್ ಬಡಾವಣೆಯಲ್ಲಿ ಹೋಟೆಲು ನಡೆಸಿ ಬಾಳಿನ ಬಹುಪಾಲನ್ನು ಇಡ್ಲಿಯ ಹಬೆಯಲ್ಲಿ ಕಳೆದ ಸುಬ್ಬರಾಯರು, ಉಳಿದುದನ್ನು ಕಡಲಂಚಿನಲ್ಲಿ ಶಿವಾರ್ಚನೆಗೆ ಮುಡಿಪಿಡಲೆಂದು ನಗರದ ದಕ್ಷಿಣದ ಹಳ್ಳಿಯೊಂದರಲ್ಲಿ ಜಾಗ ಕೊಂಡು, ಗುಡಿಗೆ ಅಧಿಷ್ಠಾನದ ಕಟ್ಟೆ ಕಟ್ಟಿಸಿದ್ದರು. ಕಾರ್ಕಳದಿಂದ ಶಿಲಾಲಿಂಗ ಬಂದಾಗಿತ್ತು. ನಾಳೆ ಪ್ರತಿಷ್ಠೆ.

ಮಡದಿ ನಾಗವೇಣಿ, ಮಗಳು ಆಶ್ರಿತಾರೊಡನೆ ಅವರು ಬಂದಾಗ ಇಳಿತದ ಹೊತ್ತು. ಕಡಲು ದೂರದ ಮಂಜಿನೊಳಗೆ ಸರಿದು, ನೆಲವಾವುದು ಬಾನಾವುದು ಎಂಬ ಭೇದವೇ ಅಳಿದಿತ್ತು. ಮೊನ್ನೆಯ ಉಬ್ಬರಕ್ಕೆ ದಂಡೆ ಕುಸಿದು, ಗುಡಿಯ ಅಧಿಷ್ಠಾನದ ಒಂದು ಮೂಲೆ ಆಧಾರವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತ್ತು.

"ಇಷ್ಟು ಶಾಂತ ಕಡಲು ಹೀಗೆ ಮಾಡೀತಾ?" ಎಂದರು ರಾಯರು.

ವಡೋದರಾದಲ್ಲಿ ಭೂವಿಜ್ಞಾನ ಓದುವ ಆಶ್ರಿತಾ ದಂಡೆಯ ಬುಡ ತೋರಿಸಿದಳು. "ಅಲೆ ಮೇಲೆ ಹೊಡೆಯೋದಲ್ಲ ಅಪ್ಪ, ಅಡಿಯಲ್ಲಿ ಕಟ್ ಮಾಡ್ತದೆ. ಮೇಲಿನದು ತನ್ನಷ್ಟಕ್ಕೇ ಬೀಳ್ತದೆ. ಆ ಮಣ್ಣನ್ನು ನೀರು ಎಳ್ಕೊಂಡು ಹೋಗಿ ಬೇರೆ ಕಡೆ ಹಾಕ್ತದೆ."

"ಕಲ್ಲು ಪೇರಿಸಿ ಗೋಡೆ ಕಟ್ಟಿಸುವ," ಎಂದರು ನಾಗವೇಣಿ.

"ಇಲ್ಲಿ ತಡೆದ್ರೆ ಪಕ್ಕದವರ ದಂಡೆ ತಿಂತದೆ ಅಮ್ಮ. ನಮ್ಮ ದೇವರಿಗೆ ಅವರ ಮನೆ ನೈವೇದ್ಯವಾ?"

"ನಾಲಗೆ ಮಾತ್ರ ನಿನ್ನ ಅಜ್ಜಿಯದ್ದೇ."

ರಾಯರು ನಗಲಿಲ್ಲ. ಪ್ರಾಣಪ್ರತಿಷ್ಠೆಯಾದ ಶಿಲೆಯನ್ನು ಅಲುಗಿಸುವುದು ದೋಷ. ನಿಲ್ಲದ ನೆಲಕ್ಕೆ ದೇವರನ್ನು ಬಿಗಿಯುವುದು ಯಾವ ನ್ಯಾಯ? ಅವರು ಅಧಿಷ್ಠಾನದ ಮೇಲೆ ಕುಳಿತು ಕಣ್ಣು ಮುಚ್ಚಿದರು. ಅಡಿಯಿಂದ ಮಣ್ಣು ಕಣಕಣವಾಗಿ ಜಾರುವ ಸದ್ದು, ಯಾರೋ ಮೆಲುದನಿಯಲ್ಲಿ ಜಪಿಸುವಂತೆ, ಎಡೆಬಿಡದೆ ಕೇಳುತ್ತಿತ್ತು. ಕುಳಿತಲ್ಲಿಯೇ ತಾವೂ ಹಗುರಾಗಿ, ಹುಡಿಯಾಗಿ, ಹೆಸರಿಲ್ಲದ ಯಾವುದೋ ತೀರಕ್ಕೆ ತೇಲಿಹೋಗುತ್ತಿರುವಂತೆ ಅವರಿಗೆ ಭಾಸವಾಯಿತು. ವಿಚಿತ್ರವೆಂದರೆ, ಭಯವಾಗಲಿಲ್ಲ.

ಕಣ್ತೆರೆದವರೇ ಕೆಳಗಿಳಿದರು. ಒದ್ದೆ ಮಳಲನ್ನು ಬೊಗಸೆಯಲ್ಲಿ ಬಾಚಿ ಮೊಣಕಾಲೆತ್ತರದ ಲಿಂಗವೊಂದನ್ನು ತಿದ್ದಿದರು.

"ಇದೆಂತದು ಮಾಡ್ತಿದ್ದೀರಿ? ನಾಳೆ ಪುರೋಹಿತರು ಬರ್ತಾರೆ," ಎಂದರು ನಾಗವೇಣಿ.

"ಬರಲಿ, ಊಟಕ್ಕೆ. ಕಲ್ಲನ್ನು ಇಲ್ಲಿ ಕೂರಿಸುವುದಿಲ್ಲ. ಮಳಲಿಗೆ ಆವಾಹನೆಯೂ ಉಂಟು, ವಿಸರ್ಜನೆಯೂ ಉಂಟು, ಎರಡೂ ಶಾಸ್ತ್ರವೇ."

ನಾಗವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಕುಳಿತರು. ಪೂಜೆ ಮುಗಿಯುವಷ್ಟರಲ್ಲಿ ಮಂಜಿನೊಳಗಿಂದ ಉಬ್ಬರ ಸದ್ದಿಲ್ಲದೆ ಹಿಂದಿರುಗಿತು. ನೀರು ಲಿಂಗವನ್ನು ಒಂದು ಸುತ್ತು ಬಳಸಿತು, ಬುಡ ಸವೆಯಿತು, ತಲೆ ಮೆಲ್ಲನೆ ಬಾಗಿತು. ಮೂವರೂ ಹಿಂದಕ್ಕೆ ಸರಿದು ನೋಡಿದರು.

"ನಾಳೆ ಎಲ್ಲಿ ಪೂಜೆ ಮಾಡ್ತೀರಿ, ಇವರೇ?" ಎಂದು ಕೇಳಿದರು ನಾಗವೇಣಿ.

"ದಂಡೆ ಎಲ್ಲಿರುತ್ತದೋ ಅಲ್ಲಿ," ಎಂದು ರಾಯರು ಇನ್ನೊಂದು ಹೆಜ್ಜೆ ಹಿಂದಿಟ್ಟರು.