ಬೋಳಿಸಿದ ತಲೆ, ಉಳಿದ ಮೀಸೆ

ಕಡೂರಿನ ಕೊಬ್ಬರಿ ಮಂಡಿ ಜಯದೇವಪ್ಪನವರಿಗೆ ಅನುಮಾನವೆಂಬುದು ಹುಟ್ಟುಗುಣ. ಮೇಲೆ ಒಳ್ಳೆಯ ಕೊಬ್ಬರಿ ಹಾಕಿ ಅಡಿಯಲ್ಲಿ ಬೂಸಲು ಹಿಡಿದದ್ದನ್ನು ತುಂಬಿರುತ್ತಾರೆಂದು ಬಂದ ಚೀಲವನ್ನೆಲ್ಲ ಬುಡಮೇಲು ಮಾಡಿಸಿ ನೋಡುವ ಮನುಷ್ಯ. ಮನೆಯಾಕೆ ಕಾಫಿ ಕೊಟ್ಟರೂ ಒಮ್ಮೆ ಮೂಸಿ ನೋಡಿಯೇ ಕುಡಿಯುವುದು. ಇಂಥವರ ಮುಂದೆ ತಿಪ್ಪೇಶ ತಲೆ ಬೋಳಿಸಿಕೊಂಡು ಬಂದು ನಿಂತ.

ತಿಪ್ಪೇಶ ಅವರ ಮಂಡಿಯ ಟೆಂಪೊ ಡ್ರೈವರ್. ಗಾಡಿ ಓಡಿಸುವುದೂ ಅವನೇ, ಚೀಲ ಏರಿಸಿ ಇಳಿಸುವುದೂ ಅವನೇ. ಮೂವತ್ತು ತುಂಬುವ ಮೊದಲೇ ಮುಂದಲೆಯ ಕೂದಲೆಲ್ಲ ಉದುರಿಹೋಗಿತ್ತು. ಹೋದ ವಾರ ಫೋನ್ ಮಾಡಿ, "ಅಜ್ಜಂಪುರದಲ್ಲಿ ನಮ್ ದೊಡ್ಡಪ್ಪ ತೀರ್ಕೊಂಡ್ಬಿಟ್ರು ಸಾವ್ಕಾರ್ರೇ. ಗಂಡುಮಕ್ಳಿಲ್ಲ, ನಾನೇ ಕಾರ್ಯಕ್ಕೆ ಕೂರ್ಬೇಕು" ಎಂದು ರಜೆ ಕೇಳಿದ್ದ. ಈಗ ಸಡಿಲವಾದ ಬಟ್ಟೆಯ ಟೋಪಿ ಹಾಕಿಕೊಂಡು ಬಂದಿದ್ದಾನೆ. ಟೋಪಿಯ ಅಂಚಿನಲ್ಲಿ ಬೋಳು ಕಾಣುತ್ತಿದೆ.

"ಪಾಪ, ಏನಾಗಿತ್ತೋ ಅವ್ರಿಗೆ?" ಎಂದರು ಜಯದೇವಪ್ಪ.

"ಏನಿಲ್ಲ ಸಾವ್ಕಾರ್ರೇ, ಮಲಗಿದ್ದಂಗೇ ಹೋಗ್ಬಿಟ್ರು."

ಇನ್ನೆರಡು ಸಮಾಧಾನದ ಮಾತು ಹೇಳುವಷ್ಟರಲ್ಲಿ ಸಾಹುಕಾರರ ಕಣ್ಣು ಅವನ ಮೀಸೆಯ ಮೇಲೆ ಬಿತ್ತು. ಮೀಸೆ ಹಾಗೇ ಇದೆ! ಜಯದೇವಪ್ಪನವರ ಕಡೆ ಸತ್ತವರಿಗಾಗಿ ತಲೆ ಬೋಳಿಸುವ ಪದ್ಧತಿ ಇಲ್ಲ, ಆದರೆ ಊರಿನಲ್ಲಿ ಎಷ್ಟೋ ನೋಡಿದ್ದಾರೆ. ಕಾರ್ಯಕ್ಕೆ ಕೂತವನು ತಲೆಯ ಜೊತೆಗೆ ಮೀಸೆಯನ್ನೂ ತೆಗೆಸುತ್ತಾನೆ. ಅನುಮಾನ ಒಳಗೆ ಹೊಕ್ಕು ಕೂತಿತು.

ಸ್ವಲ್ಪ ಹೊತ್ತಿಗೆ ತಿಪ್ಪೇಶ ಗೋಡೌನಿನ ಹಿಂದಕ್ಕೆ ಹೋದ. ಸಾಹುಕಾರರೂ ಸದ್ದಿಲ್ಲದೆ ಹಿಂಬಾಲಿಸಿದರು. ಅವನು ಜೇಬಿನಿಂದ ಪುಟ್ಟ ಬಾಟಲಿ ತೆಗೆದು, ಅತ್ತಿತ್ತ ನೋಡಿ, ಗೋಡೆಗೆ ಮುಖ ಮಾಡಿ ತಲೆಯನ್ನು ಹಿಂದಕ್ಕೆ ವಾಲಿಸಿದ. ಫುಸ್ ಫುಸ್ ಎಂಬ ಸದ್ದು ಕೇಳಿತು. ವಾಪಸು ಬಂದಾಗ ಏನೋ ಕೇಳುವ ನೆಪದಲ್ಲಿ ಅವನ ಬಾಯಿಯ ಹತ್ತಿರಕ್ಕೇ ಹೋಗಿ ಮೂಸಿದರು. ಹೆಂಡದ ವಾಸನೆ ಇಲ್ಲ. ಹಾಗಾದರೆ ಬಾಟಲಿಯಲ್ಲಿ ಇನ್ನೇನಿದೆ? ಅವರ ಅನುಮಾನ ಇನ್ನಷ್ಟು ಬಲವಾಯಿತು.

"ಯಾರ್ ಹತ್ರನೋ ಒದೆ ತಿಂದವ್ನೆ ಸಾವ್ಕಾರ್ರೇ," ಎಂದ ಹಳೆಯ ಹಮಾಲಿ ಲಕ್ಕಣ್ಣ. "ತಲೆಗೆ ಹೊಲಿಗೆ ಬಿದ್ದಿರ್ಬೇಕು. ನಾಳೆ ಪೊಲೀಸ್ರು ಬಂದು ನಿಮ್ನೇ ಕೇಳ್ತಾರೆ ನೋಡಿ."

ಇದನ್ನು ಕೇಳಿದ ಮೇಲೆ ಜಯದೇವಪ್ಪ ಸುಮ್ಮನಿರುತ್ತಾರೆಯೇ? ಟೋಪಿ ತೆಗೆಸಿಯೇ ಬಿಡಬೇಕೆಂದು ಉಪಾಯ ಹೂಡಿದರು. ಚೀಲ ಹೊರುವವರು ಟವೆಲನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಳ್ಳುತ್ತಾರೆ. ಅದಕ್ಕೆ ಟೋಪಿ ತೆಗೆಯಲೇಬೇಕಲ್ಲ.

"ತಿಪ್ಪೇಶ, ತರೀಕೆರೆ ಲೋಡು ಏರ್ಸು."

"ಲಕ್ಕಣ್ಣ ಏರಿಸ್ಲಿ ಸಾವ್ಕಾರ್ರೇ, ನಾನು ಗಾಡಿ ಓಡಿಸ್ತೀನಿ."

"ಯಾಕೋ? ದೊಡ್ಡಪ್ಪನ ದುಃಖ ಕುತ್ತಿಗೆಗೆ ಇಳ್ದಿದ್ಯಾ? ಆಗಲ್ಲ ಅಂದ್ರೆ ಹೇಳ್ಬಿಡು, ಬೇರೆ ಡ್ರೈವರ್ನ ನೋಡ್ಕೋತೀನಿ."

ಬೇರೆ ಡ್ರೈವರ್ ಎಂದ ಕೂಡಲೇ ತಿಪ್ಪೇಶನ ಮುಖ ಬಿಳಿಚಿಕೊಂಡಿತು. ಅವನು ಟೋಪಿಯನ್ನು ತೆಗೆಯದೆ, ಅದರ ಮೇಲೆಯೇ ಟವೆಲ್ ಇಟ್ಟು ಚೀಲಕ್ಕೆ ತಲೆ ಕೊಟ್ಟ. ಹಲ್ಲು ಕಚ್ಚಿಕೊಂಡು ಹೊತ್ತ. ನಾರಿನ ದೂಳು, ಮಧ್ಯಾಹ್ನದ ಬಿಸಿಲು, ಬೆವರು. ಇನ್ನೊಂದು ಚೀಲಕ್ಕೆ ಬಗ್ಗಿದಾಗ ಟೋಪಿಯ ಅಂಚಿನಿಂದ ಕಿವಿಯ ಮೇಲೆ ರಕ್ತ ಇಳಿಯಿತು.

ಜಯದೇವಪ್ಪ ಗಾಬರಿಯಾಗಿ ಓಡಿಬಂದು ಅವನನ್ನು ಕೂರಿಸಿದರು. ಮೆಲ್ಲಗೆ ಟೋಪಿ ತೆಗೆದರು. ಮುಂದಲೆಯ ತುಂಬ ಸಾಸಿವೆ ಚೆಲ್ಲಿದಂತೆ ಕೆಂಪು ಹೆಕ್ಕಳೆಗಳು, ಹಿಂದಲೆಯಲ್ಲೂ ಸಣ್ಣ ಸಣ್ಣ ಗಾಯಗಳು. "ಎಣ್ಣೆ ತಾರೋ ಲಕ್ಕಣ್ಣ!" ಎಂದು ಕೂಗಿದರು. ಆ ಮಂಡಿಯಲ್ಲಿ ಕೈ ಕೊಯ್ದರೂ, ಕಾಲು ಉಳುಕಿದರೂ ಕೊಬ್ಬರಿ ಎಣ್ಣೆಯೇ ಔಷಧ. ಅಂಗೈ ತುಂಬ ಸುರಿದುಕೊಂಡು ಇನ್ನೇನು ತಿಕ್ಕಬೇಕು, ಅಷ್ಟರಲ್ಲಿ ಯಾರೋ ಅವರ ಕೈ ಹಿಡಿದರು.

"ಮಾವ, ಮುಟ್ಬೇಡಿ!"

ಅವರ ತಂಗಿಯ ಮಗಳು ತನುಜಾ. ತರೀಕೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆಗೆ ತೆಂಗಿನಕಾಯಿ ಒಯ್ಯಲು ಆಗತಾನೇ ಬಂದಿದ್ದಳು. ಕೈ ತೊಳೆದುಕೊಂಡು ಬಂದು, ರಕ್ತ ಬರುತ್ತಿದ್ದ ಕಡೆ ಶುದ್ಧವಾದ ಹತ್ತಿಬಟ್ಟೆಯನ್ನು ಹಗುರವಾಗಿ ಒತ್ತಿ ಹಿಡಿದಳು.

"ಕೂದ್ಲು ನಾಟಿ ಮಾಡ್ಸಿದೀಯ ಅಲ್ವಾ ತಿಪ್ಪೇಶ?"

ತಿಪ್ಪೇಶ ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ತುಂಬಿತ್ತು. "ಅಜ್ಜಂಪುರಕ್ಕೆ ಹೆಣ್ಣು ನೋಡಕ್ಕೆ ಹೋಗಿದ್ದೆ ಕಣಕ್ಕ. ಹುಡುಗಿ ಅಜ್ಜಿ ನನ್ನ ನೋಡಿ, 'ಹುಡುಗನ ತಂದೆ ಬಂದ್ರು, ಹುಡುಗ ಎಲ್ಲಿ' ಅಂದ್ಬಿಟ್ರು. ಎಲ್ರೂ ನಕ್ರು. ಅದಕ್ಕೇ ಮಾಡಿಸ್ಕೊಂಡೆ. ಇಲ್ಲಿ ಹೇಳಿದ್ರೆ ಇನ್ನೂ ನಗ್ತಾರೆ, ಜಾಸ್ತಿ ರಜಾ ಕೇಳಿದ್ರೆ ಕೆಲಸ ಹೋಗುತ್ತೆ ಅಂತ..."

"ಯಾವಾಗ ಕೆಲಸಕ್ಕೆ ಹೋಗ್ಬೋದು ಅಂತ ಡಾಕ್ಟ್ರನ್ನ ಕೇಳ್ಲಿಲ್ವಾ?"

"ಕೇಳ್ದೆ. ಏನ್ ಕೆಲಸ ಅಂದ್ರು. ನಾಚಿಕೆ ಆಗಿ ಆಫೀಸಲ್ಲಿ ಕೂತು ಮಾಡೋದು ಅಂದ್ಬಿಟ್ಟೆ. ಹಂಗಾದ್ರೆ ನಾಕು ದಿನ ಬಿಟ್ಟು ಹೋಗು ಅಂದ್ರು."

"ಅಲ್ಲೇ ಕಣೋ ಕೆಟ್ಟಿದ್ದು! ಫ್ಯಾನ್ ಕೆಳಗೆ ಕೂರೋರಿಗೆ ಹೇಳಿದ ಮಾತು ಚೀಲ ಹೊರೋರಿಗೆ ಆಗುತ್ತಾ? ಹಿಂದಿನ ಕೂದ್ಲನ್ನ ಬೇರು ಸಮೇತ ತೆಗ್ದು ಮುಂದೆ ನೆಟ್ಟಿರ್ತಾರೆ. ಈರುಳ್ಳಿ ಸಸಿ ನೆಟ್ಟ ಮಾರನೇ ದಿನ ಹೊಲಕ್ಕೆ ದನ ಬಿಟ್ರೆ ಉಳಿಯುತ್ತಾ? ಭಾರ ಹೊರೋರು, ಬಿಸಿಲು ದೂಳಲ್ಲಿ ದುಡಿಯೋರು, ಹೆಲ್ಮೆಟ್ ಹಾಕೋರು ಇನ್ನೂ ಎರಡು ಮೂರು ವಾರನಾದ್ರೂ ತಡೀಬೇಕಾಗುತ್ತೆ. ಎಷ್ಟು ದಿನ ಅಂತ ಡಾಕ್ಟ್ರೇ ಹೇಳ್ಬೇಕು, ನೀನು ನಿಜ ಹೇಳ್ಬೇಕು."

"ಮತ್ತೆ ಆ ಬಾಟ್ಲಿ?" ಜಯದೇವಪ್ಪನವರಿಗೆ ಇನ್ನೂ ಅದೇ ಚಿಂತೆ.

"ಉಪ್ಪುನೀರು ಮಾವ. ನೆಟ್ಟಿದ್ದು ಒಣಗದ ಹಾಗೆ ಚಿಮುಕಿಸಕ್ಕೆ ಆಸ್ಪತ್ರೇಲೇ ಕೊಡ್ತಾರೆ."

ತನುಜಾ ಅಲ್ಲಿಂದಲೇ ಅವನ ಡಾಕ್ಟರಿಗೆ ಫೋನ್ ಮಾಡಿಸಿದಳು. ತಿಪ್ಪೇಶ ಈ ಸಲ ಚೀಲದ ವಿಷಯವನ್ನೂ ಮುಚ್ಚಿಡದೆ ಹೇಳಿದ. ಕೂಡಲೇ ಬಂದು ತೋರಿಸಲು ಅವರು ತಿಳಿಸಿದರು. ಜಯದೇವಪ್ಪ ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದರು. ಒಂದು ಸುಳ್ಳನ್ನು ಹಿಡಿಯಲು ಹಸಿ ಗಾಯದ ಮೇಲೆ ಚೀಲ ಹೊರಿಸಿದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು.

"ಹೋಗಿ ತೋರಿಸ್ಕೊಂಡ್ ಬಾರೋ. ಡಾಕ್ಟ್ರು ಹೂಂ ಅನ್ನೋವರ್ಗೂ ಚೀಲ ಮುಟ್ಬೇಡ. ಗಲ್ಲಾದ ಹತ್ರ ಕೂತ್ಕೊಂಡು ಫೋನ್ ತಗೋ. ನಿನ್ ಗಾಡಿ ನಿಂಗೇ ಇರುತ್ತೆ."

ಗಾಯ ಮಾಗಿತು. ಉಜ್ಜಿಹೋದ ಕಡೆ ಕೆಲವು ಕೂದಲು ಹೋದವು, ಉಳಿದವು ಬದುಕಿಕೊಂಡವು. ಆದರೆ ತಿಂಗಳಾಗುವಷ್ಟರಲ್ಲಿ ನೆಟ್ಟ ಕೂದಲೂ ಉದುರತೊಡಗಿತು. ಸಾಹುಕಾರರಿಗೆ ಮತ್ತೆ ಅನುಮಾನ. "ಮೋಸ ಹೋದೆ ಕಣೋ ನೀನು!" ಎನ್ನುತ್ತಲೇ ತನುಜಾಗೆ ಫೋನ್ ಹಚ್ಚಿದರು.

"ಮಾವ, ಅದು ಉದುರೋದು ಸಾಮಾನ್ಯ. ಬೇರು ಒಳಗಿರುತ್ತೆ. ಮೂರು ನಾಲ್ಕು ತಿಂಗಳಿಗೆ ಹೊಸದು ಚಿಗುರಕ್ಕೆ ಶುರುವಾಗುತ್ತೆ, ಪೂರ್ತಿ ಬರಕ್ಕೆ ವರ್ಷ ಬೇಕು. ಕೀವು, ಜ್ವರ, ಹೆಚ್ತಾ ಹೋಗೋ ನೋವು ಇದ್ರೆ ಮಾತ್ರ ತಡ ಮಾಡ್ಬೇಡಿ."

ಅವಳು ಹೇಳಿದಂತೆಯೇ ಆಯಿತು. ಮುಂದಲೆಯಲ್ಲಿ ಹೊಸ ಕೂದಲು ಕಾಣಿಸಿದ ದಿನಗಳಲ್ಲೇ ಅಜ್ಜಂಪುರದಿಂದ ಮುದುಕರೊಬ್ಬರು ಕೊಬ್ಬರಿ ತಂದರು. ಹೆಸರು ಅಂಜಿನಪ್ಪ, ತಿಪ್ಪೇಶನ ದೊಡ್ಡಪ್ಪ ಎಂದು ಹೇಳಿಕೊಂಡರು. ತಿಪ್ಪೇಶ ಕಂಬದ ಮರೆಗೆ ಸರಿದ. ಜಯದೇವಪ್ಪ ಎದ್ದು ನಿಂತು ಕೈಮುಗಿದರು.

"ಬನ್ನಿ ಬನ್ನಿ ಯಜಮಾನ್ರೇ. ನೀವು ಹೋಗ್ಬಿಟ್ರಿ ಅಂತ ರಜಾ ಕೊಟ್ಟೋನು ನಾನೇ!"

ಮಂಡಿಯೆಲ್ಲ ನಕ್ಕಿತು. ಅವರ ಚೀಲವನ್ನೂ ಸಾಹುಕಾರರು ಬುಡಮೇಲು ಮಾಡಿಸಿಯೇ ನೋಡಿದರು. ಆದರೆ ಅಂದಿನಿಂದ ಯಾರಾದರೂ ಭಾರಕ್ಕೆ ಹಿಂಜರಿದರೆ ಅವರು ಮೊದಲು ಕೇಳುವ ಮಾತು ಒಂದೇ: "ಎಲ್ಲಿ ನೋಯ್ತಿದ್ಯೋ?"

ಓದುತ್ತಿರುವ ಅಣ್ಣ ತಮ್ಮಂದಿರೇ, ಕೂದಲು ನಾಟಿ ಮಾಡಿಸಿಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಮಾಡಿಸುವುದಾದರೆ ಅರ್ಹ ವೈದ್ಯರ ಹತ್ತಿರವೇ ಹೋಗಿ. ಹೆಕ್ಕಳೆ ಕೆರೆಯಬೇಡಿ, ಕಂಡ ಎಣ್ಣೆ ಹಚ್ಚಬೇಡಿ. ಕೆಲಸ ಕೊಡುವವರೇ, ಅನುಮಾನ ಬಂದರೆ ಹೊರೆ ಹೊರಿಸಿ ನೋಡಬೇಡಿ, ಕೂರಿಸಿ ಕೇಳಿ. ತಲೆಯ ಮೇಲಿನ ಟೋಪಿಯನ್ನು ಊರೆಲ್ಲರ ಮುಂದೆ ತೆಗೆಯಬೇಕಾಗಿಲ್ಲ. ಡಾಕ್ಟರ ಮುಂದೆ, ಕೆಲಸ ಕೊಟ್ಟವರ ಮುಂದೆ ತೆಗೆಯಿರಿ. ಅವರಿಗೆ ನಿಜ ಗೊತ್ತಿದ್ದರೆ ತಲೆಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.