ಸ್ಕಾರ್ಫಿನ ಎರಡು ತುದಿ

“ಇದು ನಿನ್ನ ಕೈ ಕಣೇ ದೊಡ್ಡೋಳೇ. ಮುಟ್ಟಿದ್ರೇ ಗೊತ್ತಾಗುತ್ತೆ,” ಎನ್ನುತ್ತ ಅತ್ತೆ ಸ್ಕಾರ್ಫಿನ ತುದಿಯನ್ನು ಕೆನ್ನೆಗೆ ಒತ್ತಿಕೊಂಡರು.

ಅತ್ತೆಯ ಕೆನ್ನೆಗೆ ತಾಗಿದ್ದು ಹಿರಿಸೊಸೆ ಹಾಕಿದ ಕಸೂತಿಯಲ್ಲ, ಕಿರಿಸೊಸೆಯದು.

ನಿವೃತ್ತಿಯಾಗಲಿದ್ದ ಹೆಡ್‌ಮಿಸ್ಸಿಗೆ ಕೊಡಲೆಂದು ಶಾಲೆಯ ಟೀಚರುಗಳೆಲ್ಲ ಸೇರಿ ಮಾಡಿಸುತ್ತಿದ್ದ ಲಿನನ್ ಸ್ಕಾರ್ಫು ಅದು. ಎರಡು ತುದಿಗೂ ಹಸಿರು ರೇಷ್ಮೆ ನೂಲಿನ ಬಳ್ಳಿ. ಬೇಗ ಮುಗಿಯಲೆಂದು ವಾರಗಿತ್ತಿಯರಿಬ್ಬರೂ ಕಿಟಕಿಯ ಬಳಿ ಎದುರುಬದುರು ಕೂತು ಒಂದೊಂದು ತುದಿ ಹಿಡಿದಿದ್ದರು. ಕಿರಿಯವಳು ತನ್ನ ಪಾಡಿಗೆ ಗುನುಗಿಕೊಂಡು ಸೂಜಿ ಆಡಿಸುತ್ತಿದ್ದಳು. ಹಿರಿಯವಳ ಒಂದು ಕಣ್ಣು ಮಾತ್ರ ತನ್ನ ಬಟ್ಟೆಯ ಮೇಲೆ. ಇನ್ನೊಂದು ಆ ಸೂಜಿಯ ಮೇಲೆ.

ಕಣ್ಣು ಪೂರ್ತಿ ಮಂಜಾದಾಗ ಅತ್ತೆ ತಮ್ಮ ಸೂಜಿಡಬ್ಬಿಯನ್ನು ಹಿರಿಸೊಸೆಗೆ ಕೊಟ್ಟು, “ಇನ್ನು ನೀನೇ ನನ್ನ ಕೈ” ಅಂದಿದ್ದರು. ಆ ಮಾತನ್ನು ಅವಳು ಒಡವೆಯ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದಳು. ಆಮೇಲೆ ಮೈದುನನ ಹೆಂಡತಿ ಬಂದಳು. ರೇಷ್ಮೆ ನೂಲು ಪೋಣಿಸಲೂ ಬಾರದ ಹುಡುಗಿ. ಅತ್ತೆ ಹೇಳಿದರೆಂದು ಇವಳೇ ಕೂರಿಸಿಕೊಂಡು ಕಲಿಸಿದಳು. ಕಲಿತ ಮೇಲೆ, ಕಸೂತಿ ಹಾಕಿಸಲು ಮನೆಗೆ ಬಂದವರೆಲ್ಲ, “ಚಿಕ್ಕೋರ ಕೈಲೇ ಹಾಕಿಸಿ” ಎನ್ನತೊಡಗಿದರು. ಇವಳು ನಗುತ್ತಲೇ ತಲೆಯಾಡಿಸುತ್ತಿದ್ದಳು. ಸೂಜಿಡಬ್ಬಿಯನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಿದ್ದಳು.

ಅತ್ತೆ ಈಗ ಇನ್ನೊಂದು ತುದಿಯ ಮೇಲೆ ಬೆರಳಾಡಿಸಿದರು.

“ಇದು ಚಿಕ್ಕೋಳದ್ದು ತಾನೇ? ನೂಲು ಎಳೆದೆಳೆದು ಬಟ್ಟೆನೆಲ್ಲ ಸುಕ್ಕು ಮಾಡಿದಾಳೆ, ಯಾರ ಮೇಲೋ ಸಿಟ್ಟಿರೋಳ ಹಾಗೆ. ಬಿಚ್ಚಿಬಿಟ್ಟು ನೀನೇ ಹಾಕು.”

ಕಿರಿಸೊಸೆ ತಟ್ಟನೆ ತಲೆಯೆತ್ತಿ ವಾರಗಿತ್ತಿಯ ಮುಖ ನೋಡಿದಳು. ಮರುಕ್ಷಣ ಕಣ್ಣು ತಗ್ಗಿಸಿ, “ಆಯ್ತು ಅತ್ತೆ, ಇನ್ಮೇಲೆ ಸರಿಯಾಗಿ ಮಾಡ್ತೀನಿ” ಎಂದಳು.

ಅವಳು ಕಿಸಕ್ಕನೆ ನಕ್ಕಿದ್ದರೂ ಹಿರಿಯವಳು ಸಹಿಸಿಕೊಳ್ಳುತ್ತಿದ್ದಳೇನೋ.

ಅತ್ತೆ ಗೋಡೆ ಹಿಡಿದುಕೊಂಡು ಜಗಲಿಯ ಬಿಸಿಲಿಗೆ ಹೋದರು. ಕಿರಿಯವಳು ಚಹಾ ಮಾಡಲು ಎದ್ದಳು. ಒಂಟಿಯಾದದ್ದೇ ತಡ, ಹಿರಿಸೊಸೆ ಅವಳ ತುದಿಯನ್ನು ಮಗುಚಿ ನೋಡಿದಳು. ಒಂದು ಗಂಟಾದರೂ, ಒಂದು ಜೋಲುನೂಲಾದರೂ ಸಿಕ್ಕಬಾರದೇ? ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕಟ. ಪುಟ್ಟ ಕತ್ತರಿಯನ್ನು ತೆಗೆದುಕೊಂಡಳು. ಒಂದೆಳೆ ಕತ್ತರಿಸಿದರೆ ಸಾಕು, ಮೊದಲ ಒಗೆತಕ್ಕೇ ಎಲೆಯೆಲ್ಲ ಬಿಚ್ಚಿಕೊಳ್ಳುತ್ತದೆ. ಅಲಗು ನೂಲಿನಡಿಗೆ ನುಸುಳಿತು.

“ಅಕ್ಕಾ.”

ಕಿರಿಯವಳು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕತ್ತರಿಯನ್ನು ಕಂಡಳು. ಕಂಡರೂ ಅದರ ಮಾತೆತ್ತದೆ, “ನಿಮ್ಮ ಕಡೇದನ್ನೂ ನಾನೇ ಹಾಕ್ಲಾ? ನೀವೇ ಹಾಕಿದ್ದು ಅಂತ ಹೇಳೋಣ. ನನಗೇನೂ ಬೇಜಾರಿಲ್ಲ” ಎಂದಳು.

“ನನಗೆ ಭಿಕ್ಷೆ ಹಾಕ್ತೀಯೇನೇ?”

“ಅಯ್ಯೋ, ಏನ್ ಮಾತಾಡ್ತೀರ! ನಿಮ್ಮಿಂದ ಕಲಿತಿದ್ದಲ್ವಾ ಇದೆಲ್ಲ?” ಅವಳ ಕಣ್ಣು ತುಂಬಿ ಬಂದಿತ್ತು.

ಹಿರಿಸೊಸೆ ಕತ್ತರಿಯನ್ನು ಹೊರಗೆಳೆದು ಕೆಳಗಿಟ್ಟು ಎದ್ದಳು. ನಿಂತರೆ ಮನಸ್ಸು ಬದಲಾದೀತೆಂಬಂತೆ ನೇರ ಜಗಲಿಗೆ ನಡೆದಳು.

“ಅತ್ತೆ, ಸುಕ್ಕಾಗಿರೋದು ನನ್ನದು. ನೀವು ಕೆನ್ನೆಗೆ ಒತ್ತಿಕೊಂಡಿದ್ದು ಅವಳದ್ದು.”

‘ಇರ್ಲಿ ಬಿಡು, ನಿನ್ನದೇನು ಕಮ್ಮಿಯೇ’ ಎಂಬ ಒಂದು ಮಾತಿಗಾಗಿ ಇವಳು ಕಾದಳು.

“ಚಿಕ್ಕೋಳನ್ನ ಕರಿ,” ಎಂದರು ಅತ್ತೆ.

ಕರೆದಳು. ಕಿರಿಸೊಸೆ ಅಳುಕುತ್ತಲೇ ಬಂದು ಪಕ್ಕದಲ್ಲಿ ಕೂತಳು. ಅತ್ತೆ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿ ತಾಗಿ ಒರಟಾದ ಬೆರಳತುದಿಗಳನ್ನು ಒಂದೊಂದಾಗಿ ಸವರತೊಡಗಿದರು. ಹಿರಿಸೊಸೆ ಕಂಬಕ್ಕೊರಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಬಂದಳು.

ತನ್ನ ತುದಿಯನ್ನು ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ಬಿಚ್ಚಿದಳು. ಹಸಿರು ನೂಲು ಸುರುಳಿ ಸುರುಳಿಯಾಗಿ ಮಡಿಲಿಗೆ ಬಿತ್ತು. ಬಟ್ಟೆಯ ಮೇಲೆ ಎಲೆಯ ಆಕಾರದಲ್ಲಿ ಸಣ್ಣ ಸಣ್ಣ ತೂತುಗಳು ಉಳಿದವು. ಬೆರಳನ್ನು ನೀರಿಗದ್ದಿ, ಉಗುರಿನಿಂದ ಅವುಗಳನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಮೆಲ್ಲಗೆ ತೀಡಿದಳು. ಲಿನನ್ನಿನ ಎಳೆಗಳು ಸರಿದು ಸರಿದು ಕೂಡಿಕೊಳ್ಳತೊಡಗಿದವು.